ಡ್ರೈವಿಂಗ್ ಮೇಷ್ಟ್ರು ಕಡಲು ನೋಡಿದ್ದು

"ಆ ಕಡಲ ದಾರೀಲಿ ನೂರಾ ಹನ್ನೆರಡು ತಿರುವಂತೆ. ಇರಲಿ! ಒಂದೇ ಕೈಯಲ್ಲಿ ದಾಟಿಸ್ತೀನಿ, ನೋಡ್ತಾ ಇರು!" ಎಂದು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಹೆಂಡತಿಯ ಮುಂದೆ ಘೋಷಿಸಿದರು.

ಇಪ್ಪತ್ತಾರು ವರ್ಷದಿಂದ ಊರಿಗೆಲ್ಲ ಗಾಡಿ ಕಲಿಸಿದ ಮಹಾನುಭಾವ, ಹೆಂಡತಿಗೆ ಮಾತ್ರ ಕಲಿಸಿರಲಿಲ್ಲ. ಕೇಳಿದಾಗಲೆಲ್ಲ, "ನಿನಗೆ ಎಡ-ಬಲವೇ ತಿಳಿಯಲ್ಲ, ಬಿಡೇ" ಎನ್ನುತ್ತಿದ್ದರು. ಆಕೆ ಹಲ್ಲಿನ ಡಾಕ್ಟರ ಬಳಿ ನರ್ಸು. ಎಡದವಡೆ ನೋವೆಂದು ಬಂದವರಿಗೆ ಬಲದವಡೆ ಕೀಳಿಸಿದ ಚರಿತ್ರೆ ಆಕೆಗಿರಲಿಲ್ಲ.

ಸ್ವಂತ ಕಾರು ಗ್ಯಾರೇಜಿನಲ್ಲಿತ್ತು. ಹಾಗಾಗಿ ಸವಾರಿ ಹೊರಟದ್ದು ಸ್ಕೂಲಿನ ಕಾರಿನಲ್ಲಿ. ಹಿಂದೆ ಮುಂದೆ ಕೆಂಪು 'ಎಲ್' ಬೋರ್ಡು, ಪಕ್ಕದ ಸೀಟಿನವರ ಕಾಲಿಗೂ ಒಂದು ಬ್ರೇಕು.

ಆರು ತಿರುವನ್ನು ಮೇಷ್ಟ್ರು ಶಿಳ್ಳೆ ಹಾಕುತ್ತ ದಾಟಿದರು. ಏಳನೆಯದರಲ್ಲಿ ತಡೆಗೋಡೆ ಮುಗಿಯಿತು. ಕೆಳಗೆ ಇಣುಕಿದರು. ಅಯ್ಯಯ್ಯೋ! ಆರಂತಸ್ತಿನೆತ್ತರದ ಕಡಿದಾದ ಕಪ್ಪು ಬಂಡೆ, ಅದರ ಬುಡಕ್ಕೆ ಅಪ್ಪಳಿಸುವ ಅಲೆ! ಒಂದೇ ಕೈ ಎಂದಿದ್ದ ಮೇಷ್ಟ್ರು ಎರಡೂ ಕೈಯಲ್ಲಿ ಸ್ಟೀರಿಂಗನ್ನು ತಬ್ಬಿಕೊಂಡರು. ಇಷ್ಟು ವರ್ಷ ಕಲಿಸಿದ್ದೆಲ್ಲ ಮೈದಾನದಲ್ಲಿ. ಎತ್ತರವೆಂದರೆ ರಸ್ತೆಯುಬ್ಬನ್ನಷ್ಟೇ ಕಂಡಿದ್ದ ಜೀವ ಅದು!

"ಯಾಕ್ರೀ ಕಣ್ಣು ಮುಚ್ಕೊಂಡ್ರಿ?"

"ಮುಚ್ಚಿಲ್ಲ ಕಣೇ, ಏಕಾಗ್ರತೆ!"

ಕಾರು ಅಂಚಿನತ್ತ ವಾಲಿತು. ಹೆಂಡತಿ ತನ್ನ ಕಡೆಯ ಬ್ರೇಕನ್ನು ಒತ್ತಿದಳು. ಗಾಡಿ ತಿರುವಿನ ನಟ್ಟನಡುವೆ ಗಕ್ಕನೆ ನಿಂತಿತು. ಹಿಂದೆ ಬಸ್ಸು, ಬಸ್ಸಿನ ಹಿಂದೆ ಎರಡು ಲಾರಿ, ಅವುಗಳ ಹಿಂದೆ ಕಣ್ಣು ಹರಿಯುವಷ್ಟು ದೂರ ಹಾರ್ನುಗಳ ಕಚೇರಿ!

ಬಸ್ಸಿನ ಡ್ರೈವರ್ ಇಳಿದು ಬಂದ. ಎಲ್ ಬೋರ್ಡು ನೋಡಿದ. ಸ್ಟೀರಿಂಗನ್ನು ತಬ್ಬಿಕೊಂಡಿದ್ದ ಮೇಷ್ಟ್ರನ್ನು ನೋಡಿದ. ಪಕ್ಕದ ಸೀಟಿನತ್ತ ತಿರುಗಿ, "ಮೇಡಂ, ಇವರಿಗೆ ಈ ವಯಸ್ಸಲ್ಲಿ ಕಲಿಯೋ ಆಸೆ ಒಳ್ಳೇದೇ. ಆದ್ರೆ ಮೊದಲನೇ ಕ್ಲಾಸಿಗೇ ಇಲ್ಲಿಗಾ ಕರ್ಕೊಂಡ್ಬರೋದು?" ಎಂದ.

"ತಪ್ಪಾಯ್ತು ಅಣ್ಣ. ತುಂಬಾ ಹಟ ಮಾಡಿದ್ರು."

'ನಾನೇ ಕಣಯ್ಯಾ ಮೇಷ್ಟ್ರು!' ಎಂದು ಗರ್ಜಿಸಲು ಮೇಷ್ಟ್ರು ಬಾಯಿ ತೆರೆದರು. ಒಣಗಿದ ಗಂಟಲಿನಿಂದ ಬಂದದ್ದು "ನೀರು... ನೀರು..." ಮಾತ್ರ.

"ಬೇಕಾದಷ್ಟಿದೆ ಸಾರ್, ಕೆಳಗಡೆ!" ಎಂದ ಡ್ರೈವರ್.

ಹೆಂಡತಿ ಇಳಿದು ಈಚೆ ಬಂದಳು. "ಆ ಕಡೆ ಸರೀರಿ."

"ನೀನಾ? ಹುಚ್ಚು ಹಿಡೀತಾ?"

"ಸರೀತೀರೋ, ಬಸ್ಸು ಹತ್ತಿ ಹೋಗ್ತೀರೋ?"

ಮೇಷ್ಟ್ರು ಸರಿದರು. ಆಕೆ ಕನ್ನಡಿ ಸರಿಪಡಿಸಿ, ಬೆಲ್ಟು ಬಿಗಿದು, ಆ ಏರಿನಲ್ಲೂ ಗಾಡಿ ಒಂದಂಗುಲ ಹಿಂದೆ ಜಾರದಂತೆ ಎತ್ತಿದಳು. ಮಿಕ್ಕ ನೂರಾ ಆರು ತಿರುವನ್ನು ಬೆಣ್ಣೆಯಿಂದ ಕೂದಲು ತೆಗೆದಂತೆ ದಾಟಿಸಿದಳು. ಮೇಷ್ಟ್ರು ಪಕ್ಕದ ಬ್ರೇಕಿನ ಮೇಲೆ ಎರಡೂ ಕಾಲಿಟ್ಟುಕೊಂಡೇ ಕೂತಿದ್ದರು. ಒಮ್ಮೆಯೂ ಒತ್ತಬೇಕಾಗಲಿಲ್ಲವಲ್ಲ ಎಂಬುದೇ ಅವರ ಹೊಟ್ಟೆಯುರಿ!

ದಾರಿ ಸಮತಟ್ಟಾದ ಮೇಲೆ ಅವರ ದನಿ ಮರಳಿತು. "ಯಾವಾಗ ಕಲಿತೆ?"

"ಲೈಸೆನ್ಸ್ ಬಂದು ನಾಲ್ಕು ವರ್ಷ ಆಯ್ತು. ನಿಮ್ಮ ಎದುರಿನ ಸ್ಕೂಲಲ್ಲೇ."

"ಆ ಬಡಾಯಿಕೋರನ ಹತ್ರನಾ? ನಮ್ಮ ಸ್ಕೂಲು ಏನಾಗಿತ್ತು?"

"ವಿಚಾರಿಸಿದೆ ಕಣ್ರೀ. ನಿಮ್ಮ ಶಿಷ್ಯರನ್ನೇ."

"ಏನಂದ್ರು?"

ಆಕೆ ಸರಾಗವಾಗಿ ಗೇರು ಬದಲಿಸಿದಳು.

"'ಅಲ್ಲಿ ಬೇಡ ಅಕ್ಕಾ, ಅಲ್ಲಿ ಕಾರು ಓಡಲ್ಲ, ಮೇಷ್ಟ್ರ ಬಾಯಿ ಮಾತ್ರ ಓಡುತ್ತೆ' ಅಂದ್ರು!"