ಜಾಜಿ ಬಳ್ಳಿಗೆ ನಾನು ಮಾಡಿದ ಉಪಚಾರ

ರಾಯದುರ್ಗದಲ್ಲಿ ನನ್ನದೊಂದು ಗೊಬ್ಬರದ ಅಂಗಡಿ ಇದೆ. ಬೆಳುಗುಪ್ಪ, ಡಿ. ಹಿರೇಹಾಳ್ ಕಡೆಯ ರೈತರು ಶೇಂಗಾ ಗಿಡ ಹಳದಿಯಾದರೆ ಎಲೆ ಹಿಡಿದುಕೊಂಡು ನನ್ನ ಹತ್ತಿರವೇ ಬರುತ್ತಾರೆ. ಇಂಥ ಪಂಡಿತನ ಹಿತ್ತಲಿನಲ್ಲಿ ಒಂದು ಜಾಜಿ ಬಳ್ಳಿ ಬೆಳೆಯದೆ ಇರುತ್ತದೆಯೇ?

ಅದು ನನ್ನ ಹೆಂಡತಿ ಶಾಂತಾ ತವರಿನಿಂದ ತಂದ ಬಳ್ಳಿ. ಅವಳ ತಾಯಿ ನೆಟ್ಟಿದ್ದ ತಾಯಿಬಳ್ಳಿ, ಅವರು ತೀರಿಕೊಂಡ ಮೇಲೆ ಅಲ್ಲಿ ಹೊಸ ಕೋಣೆ ಕಟ್ಟುವಾಗ ಹೋಯಿತು. ಉಳಿದದ್ದು ನಮ್ಮದೊಂದೇ. ಮೊದಲ ಹೂ ಲಿಂಗಪೂಜೆಗೆ ಇಡಬೇಕೆಂದು ಶಾಂತಾ ದಿನಾ ಮೊಗ್ಗು ಹುಡುಕುತ್ತಿದ್ದಳು.

ಕಳೆದ ಮಳೆಗಾಲದಲ್ಲಿ ಪಕ್ಕದ ಮನೆಯ ಈರಮ್ಮ ಒಂದು ಕಡ್ಡಿ ಕೇಳಿದರು. ಎಳೆ ಬಳ್ಳಿಗೆ ಪೆಟ್ಟಾಗುತ್ತದೆಂದು ಶಾಸ್ತ್ರೋಕ್ತವಾಗಿ ನಿರಾಕರಿಸಿದೆ. ಮರುದಿನ ಗೋಡೆಯ ಮೇಲೆ ಜಾಲಿಮುಳ್ಳನ್ನೂ ಹೊದಿಸಿದೆ. ಊರ ಬೆಟ್ಟದ ಮೇಲೊಂದು ಕೋಟೆ ಇದೆ, ನಮ್ಮ ಹಿತ್ತಲಿಗೂ ಒಂದಿರಲಿ!

ತಿಂಗಳುಗಳು ಕಳೆದರೂ ಮೊಗ್ಗಿಲ್ಲ. ಸಗಣಿ ಗೊಬ್ಬರ ಸಾಕೆಂದು ಶಾಂತಾ ಹೇಳಿದಳು. ನಾನು ನಕ್ಕು ಒಂದು ಹಿಡಿ ಯೂರಿಯಾ ಹಾಕಿದೆ. ಎರಡು ದಿನ ಕಾದು ಇನ್ನೆರಡು ಹಿಡಿ ಹಾಕಿದೆ. ಎಲೆಯ ಅಂಚು ಸುಟ್ಟಿತು. ರೋಗವೆಂದು ತೀರ್ಮಾನಿಸಿ ಔಷಧಿ ಹೊಡೆದೆ, ಅದೂ ಮಟಮಟ ಮಧ್ಯಾಹ್ನ. ವಾರದೊಳಗೆ ಬಳ್ಳಿ ಕಟ್ಟಿಗೆಯಾಯಿತು. ಯಾವ ರೈತನಾದರೂ ಹೀಗೆ ಮಾಡಿದ್ದರೆ ಅಂಗಡಿಯಲ್ಲೇ ನಿಲ್ಲಿಸಿ ಗದರುತ್ತಿದ್ದೆ!

ಶಾಂತಾ ಬೈಯಲಿಲ್ಲ. ಒಣಗಿದ ಬುಡದ ಹತ್ತಿರ ಕೂತು, "ಅವ್ವನ ಗುರ್ತು ಅಂತ ಇದೊಂದ ಉಳಿದಿತ್ರಿ," ಅಂದಳು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ನನಗೆ ಮುಖ ಎತ್ತಲಾಗಲಿಲ್ಲ.

ಗೋಡೆಯಾಚೆಯಿಂದ ಇದನ್ನೆಲ್ಲ ಕೇಳಿಸಿಕೊಂಡ ಈರಮ್ಮ ನಮ್ಮಿಬ್ಬರನ್ನೂ ಕರೆದರು. ಹೋಗಿ ನೋಡಿದರೆ ಅವರ ನೀರಿನ ತೊಟ್ಟಿಯ ಪಕ್ಕ ಜಾಜಿ ಬಳ್ಳಿ, ಅದರ ತುಂಬ ಮೊಗ್ಗು!

"ಕದ್ದದ್ದು ಹೌದ್ರಿ ಅಣ್ಣ. ನೀವು ಇಲ್ಲ ಅಂದ ದಿನಾನ ಒಂದು ಕಡ್ಡಿ ಮುರ್ಕೊಂಡಿದ್ದೆ. ಬೈತೀರಿ ಅಂತ ಹೇಳಿದ್ದಿಲ್ಲ," ಅಂದರು.

ಏನು ಗೊಬ್ಬರ ಹಾಕಿದಿರೆಂದು ಕೇಳಿದೆ. ಬುದ್ಧಿ ಎಲ್ಲಿ ಹೋಗುತ್ತದೆ?

"ಗೊಬ್ಬರ ಯಾಕರಿ? ಅಕ್ಕಿ ತೊಳೆದ ನೀರು ಹಾಕ್ತಿದ್ದೆ."

ಶಾಂತಾ ಅರಳಿದ್ದ ಒಂದು ಹೂ ಬಿಡಿಸಿ ಕಣ್ಣಿಗೊತ್ತಿಕೊಂಡಳು. ಕಳ್ಳತನಕ್ಕೆ ಮನಸಾರೆ ಕೈಮುಗಿದ ವ್ಯಾಪಾರಿ ನಮ್ಮ ಬಜಾರಿನಲ್ಲಿ ನಾನೊಬ್ಬನೇ ಇರಬೇಕು. ಈರಮ್ಮನ ಉಪಕಾರ ನಾನು ಮರೆಯುವಂಥದ್ದಲ್ಲ.

ಈರಮ್ಮ ಅಂದೇ ಒಂದು ಕಡ್ಡಿ ಕೊಯ್ದು ತಂದು ನಮ್ಮ ಹಿತ್ತಲಿನ ಇನ್ನೊಂದು ಮೂಲೆಯಲ್ಲಿ ತಾವೇ ನೆಟ್ಟರು. ಶಾಂತಾ ಮಣ್ಣು ಒತ್ತಿದಳು. ನಾನೂ ಏನಾದರೂ ಮಾಡಲೇ ಎಂದು ವಿನಯದಿಂದ ವಿಚಾರಿಸಿದೆ.

ಇಬ್ಬರೂ ಒಮ್ಮೆಲೇ, "ನೀವು ಅಂಗಡಿಗೆ ಹೋಗ್ರಿ," ಅಂದರು.

ಬಳ್ಳಿಯ ಹಿತದೃಷ್ಟಿಯಿಂದ ಹೋದೆ.