ನಡೆಯಬಾರದವರ ಗುಂಪು

ನಾನು ಮನಶ್ಶಾಸ್ತ್ರ ಓದುತ್ತಿದ್ದೇನೆ ಎಂದರೆ ಸಾಕು, ಎದುರಿಗಿದ್ದವರು ಮುಖ ಬಿಗಿಹಿಡಿದು ಕೂರುತ್ತಾರೆ, ಎಲ್ಲಿ ಮನಸ್ಸು ಓದಿಬಿಡುತ್ತಾಳೋ ಎಂದು. ನಿಜ ಹೇಳಿಬಿಡುತ್ತೇನೆ. ನಲವತ್ತೆಂಟನೇ ವಯಸ್ಸಿನಲ್ಲಿ ನಾನು ಕೋರ್ಸಿಗೆ ಸೇರಿದ್ದು ಭಾನುವಾರ ಅಡುಗೆಮನೆಯಿಂದ ಪಾರಾಗಲು. ಯಲಹಂಕದ ಆ ತರಗತಿಯಲ್ಲಿ ಸಂಶೋಧನಾ ವಿಧಾನದ ಪಾಠ ಶುರುವಾದ ಮೇಲೆ ಅಡುಗೆಮನೆಯೇ ವಾಸಿ ಅನ್ನಿಸಿತು.

ಮೇಡಂ ಕೊಟ್ಟ ಕೆಲಸ ಇಷ್ಟೇ: ಆರು ಜನರನ್ನು ಹಿಡಿದು, ಚೀಟಿ ಎತ್ತಿ ಎರಡು ಗುಂಪು ಮಾಡಬೇಕು. ಒಂದು ಗುಂಪು ಎರಡು ವಾರ ಸಂಜೆ ವಾಕಿಂಗ್ ಹೋಗಬೇಕು, ಇನ್ನೊಂದು ಹೋಗಬಾರದು. ಯಾರಿಗೆ ಒಳ್ಳೆಯ ನಿದ್ದೆ ಬಂತೆಂದು ನಾನು ಬರೆದುಕೊಳ್ಳಬೇಕು. ಕೊಡಿಗೇಹಳ್ಳಿಯ ನಮ್ಮ ಬೀದಿಯಲ್ಲೇ ಆರು ಹೆಂಗಸರು ಸಿಕ್ಕರು. ಅವರಲ್ಲಿ ನನ್ನ ಅತ್ತೆಯೂ ಒಬ್ಬರು. ಅವರಿಗೆ 'ನಡೆಯಬಾರದು' ಚೀಟಿ ಬಂತು. ಹಪ್ಪಳದಿಂದ ಹಿಡಿದು ರಂಗೋಲಿಯವರೆಗೆ ಅವರೊಡನೆ ಪೈಪೋಟಿಗೆ ಬೀಳುವ ಎದುರುಮನೆ ಪುಟ್ಟಮ್ಮನವರಿಗೆ 'ನಡೆಯಬೇಕು' ಬಂತು.

"ಅವಳ್ಗೆ ವಾಕಿಂಗು, ನಂಗೆ ಮಂಚಾನಾ? ನಾನೇನ್ ಕೈಲಾಗ್ದೋಳಾ?" ಎಂದರು ಅತ್ತೆ.

"ಚೀಟೀಲಿ ಬಂದಿದ್ದು ಅತ್ತೆ, ನಾನೇನ್ ಮಾಡ್ಲಿ?"

"ಚೀಟಿ ಮಡಿಸ್ದೋಳು ನೀನೇ ತಾನೆ?"

ಅಂದಿನಿಂದ ಅತ್ತೆ ನನ್ನೊಡನೆ ಮಾತು ಬಿಟ್ಟರು. ನಾನು ಪಕ್ಕದಲ್ಲೇ ನಿಂತಿದ್ದರೂ ಮಗನ ಕಡೆ ತಿರುಗಿ, "ಸಾರಿಗೆ ಉಪ್ಪಿಲ್ಲ ಅಂತ ನಿನ್ ಎಂಡ್ತಿಗೆ ಯೋಳು" ಅನ್ನುತ್ತಿದ್ದರು. ಆದರೆ ಪ್ರತಿ ಬೆಳಿಗ್ಗೆ ಅವರ ನಿದ್ದೆಯ ಫಾರಂ ಮೇಜಿನ ಮೇಲಿರುತ್ತಿತ್ತು: 'ಸೊಗಸಾದ ನಿದ್ದೆ'.

ಒಂಬತ್ತನೇ ದಿನ ಆಫೀಸಿನಿಂದ ಬೇಗ ಬಂದವಳು ಪಾರ್ಕಿನ ಹತ್ತಿರ ನಿಂತುಬಿಟ್ಟೆ. ನಡೆಯಬೇಕಾದ ಮೂವರೂ ಕಲ್ಲುಬೆಂಚಿನ ಮೇಲೆ ಕಡಲೆಕಾಯಿ ಬಿಡಿಸುತ್ತಾ ಕೂತಿದ್ದರು. "ಮಂಡಿ ನೋವು ಕಣಮ್ಮಾ, ನಾಳೆಯಿಂದ ಖಂಡಿತ" ಎಂದರು ಪುಟ್ಟಮ್ಮ. ಅಷ್ಟರಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನ ಗಂಡನ ಶೂ ಹಾಕಿಕೊಂಡು ಅತ್ತೆ ಬಿರಬಿರನೆ ಹಾದುಹೋದರು. ಅವರ ಹಿಂದೆ ನಡೆಯಬಾರದ ಇನ್ನಿಬ್ಬರು ಏದುಸಿರು ಬಿಡುತ್ತಾ ಓಡುತ್ತಿದ್ದರು.

ಫಾರಂಗಳ ಪ್ರಕಾರ ಕೂತವರಿಗಿಂತ ನಡೆದವರಿಗೇ ಒಳ್ಳೆಯ ನಿದ್ದೆ ಬಂದಿತ್ತು; ಗುಂಪುಗಳ ಹೆಸರು ಅದಲುಬದಲು ಮಾಡಿದರೆ ಫಲಿತಾಂಶ ಚಿನ್ನದಂತಿರುತ್ತಿತ್ತು. ಪೆನ್ನೂ ಎತ್ತಿದೆ. ಕೈ ಬರಲಿಲ್ಲ. ಭಾನುವಾರ ತರಗತಿಯ ಮುಂದೆ ನಡೆದದ್ದನ್ನೆಲ್ಲ ಒಪ್ಪಿಕೊಂಡೆ. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕು, "ಪ್ರಯೋಗ ಹಾಳಾಗಿದೆ, ಆದ್ರೆ ಸುಳ್ಳು ಬರೀಲಿಲ್ವಲ್ಲ, ಪಾಸ್ ಹೋಗಿ" ಎಂದರು.

ಮನೆಗೆ ಬಂದು ಅತ್ತೆಗೆ ವರದಿ ಒಪ್ಪಿಸಿದೆ. ಎರಡು ವಾರದ ನಂತರ ಮೊದಲ ಬಾರಿ ಅವರು ನನ್ನತ್ತಲೇ ತಿರುಗಿದರು. "ಅದ್ಸರಿ, ನೀನ್ ಯಾವ್ ಗುಂಪು?"

ಯೋಚಿಸಿ ನೋಡಿದೆ. ಎರಡು ವಾರ ಫಾರಂಗಳ ಮುಂದೆ ಕುರ್ಚಿಗೆ ಅಂಟಿಕೊಂಡು, ವಾಕಿಂಗಿಗೆಂದು ಒಂದು ಹೆಜ್ಜೆಯೂ ಇಡದೆ, ಚಿಂತೆಯಲ್ಲಿ ನಿದ್ದೆಗೆಟ್ಟವಳು ನಾನೊಬ್ಬಳೇ. ಇಡೀ ಬೀದಿಯಲ್ಲಿ ನಿಯಮ ತಪ್ಪದ ಏಕೈಕ ಹೆಂಗಸನ್ನು ಪ್ರಯೋಗಕ್ಕೆ ಸೇರಿಸಿಕೊಳ್ಳುವುದನ್ನೇ ಮರೆತಿದ್ದೆ.