ಭಾವನನ್ನು ಗೋಲಿಗೆ ನಿಲ್ಲಿಸಿದ್ದು

ಫುಟ್‌ಬಾಲ್ ಬಗ್ಗೆ ಹೊಳಲ್ಕೆರೆಯಲ್ಲಿ ನನ್ನಷ್ಟು ತಿಳಿದವರು ಇನ್ನೊಬ್ಬರಿಲ್ಲ. ಇದು ಜಂಬವಲ್ಲ, ಬೇರೆ ಯಾರೂ ತಿಳಿದುಕೊಳ್ಳಲು ಹೋಗಿಲ್ಲ ಅಷ್ಟೆ. ಹಾಗಂತ ನಾನು ಚೆಂಡು ಒದ್ದವನೂ ಅಲ್ಲ. ಒಮ್ಮೆ ಒದೆಯಲು ಹೋಗಿ ನನ್ನ ಚಪ್ಪಲಿ ಪಕ್ಕದ ಮನೆಯ ಹೆಂಚಿನ ಮೇಲೆ ಹೋಗಿ ಕುಳಿತಿತ್ತು. ಆದರೆ ನಮ್ಮ ಲೀಗಿನಲ್ಲಿ ಒದೆಯುವ ಕೆಲಸವೇ ಇಲ್ಲ. ಕಂಪ್ಯೂಟರಿನಲ್ಲಿ ತಂಡ ಕಟ್ಟಿ, ಆಟಗಾರರಿಗೆ ನಮಗೆ ಬೇಕಾದ ಹೆಸರಿಟ್ಟು, ಯಾರು ಎಲ್ಲಿ ನಿಲ್ಲಬೇಕೆಂದು ಹೇಳಿದರೆ ಸಾಕು. ಆಟವನ್ನು ಅದೇ ಆಡಿಕೊಳ್ಳುತ್ತದೆ. ಬೆವರುವುದು ಮಾತ್ರ ನಾವು!

ನನ್ನ ತಂಡ ಹೊಳಲ್ಕೆರೆ ಹೋರಿಗಳು. ದುರ್ಗ, ಹೊಸದುರ್ಗ, ಹಿರಿಯೂರಿನ ಗೆಳೆಯರ ತಂಡಗಳ ಜೊತೆ ನಮ್ಮದೂ ಕೊನೆಯ ನಾಲ್ವರ ಪ್ಲೇಆಫ್‌ಗೆ ಬಂದಿತ್ತು. ಅದಕ್ಕೆ ಕಾರಣ ನಮ್ಮ ಗೋಲ್‌ಕೀಪರ್ ಓಂಕಾರಪ್ಪ.

ನಿಜವಾದ ಓಂಕಾರಪ್ಪನವರು ತಾಳ್ಯದಲ್ಲಿದ್ದಾರೆ. ನನ್ನ ಹೆಂಡತಿ ಸರೋಜಳ ಅಣ್ಣ. ಊರಿನ ಮದುವೆ ಕಾರ್ಡುಗಳನ್ನೆಲ್ಲ ಅಚ್ಚು ಹಾಕುವ ಪ್ರೆಸ್ಸಿನ ಮಾಲೀಕನಾದ ನಾನು, ನನ್ನ ಮಗಳ ಮದುವೆ ಕಾರ್ಡಿನಲ್ಲೇ ಅವರ ಹೆಸರನ್ನು ಕಟ್ಟಕಡೆಯ ಸಾಲಿಗೆ ತಳ್ಳಿದ್ದೆ. ಜಾಗ ಸಾಲದೆ ಅಕ್ಷರವೂ ಇರುವೆಯಷ್ಟಾಗಿತ್ತು. ಭಾವ ಮದುವೆಗೆ ಬಂದರು, ಅಕ್ಷತೆ ಹಾಕಿದರು, ಊಟ ಮಾಡದೆ ಹೊರಟುಹೋದರು. ಆಮೇಲೆ ಪಂಚಮಿ ಹಬ್ಬಕ್ಕೆ ತಂಗಿಯನ್ನು ಕರೆಯಲು ಬರುವುದನ್ನೇ ಬಿಟ್ಟರು. ಸರೋಜ ಹಬ್ಬದ ದಿನ ಬೆಳಗ್ಗೆಯಿಂದ ಬಾಗಿಲ ಕಡೆ ನೋಡುತ್ತಾ ಕೂರುತ್ತಿದ್ದಳು.

ಅದಕ್ಕೇ ಈ ಉಪಾಯ. ತಂಡದ ಹನ್ನೊಂದು ಮಂದಿಗೂ ಹೆಂಡತಿಯ ಕಡೆಯವರ ಹೆಸರಿಟ್ಟೆ. ಎಲ್ಲರಿಗಿಂತ ಒಳ್ಳೆಯ ಆಟಗಾರನಿಗೆ ಭಾವನ ಹೆಸರು. ಸೆಮಿಫೈನಲ್ ಹಿರಿಯೂರು ಹುಲಿಗಳ ಮೇಲೆ ಎಂದು ತಿಳಿದದ್ದೇ ತಡ, ಹಳದಿ ಕಾಗದದ ಮೇಲೆ ಕೆಂಪು ಅಕ್ಷರದಲ್ಲಿ ‘ಪ್ಲೇಆಫ್ ವಿಶ್ಲೇಷಣೆ’ ಅಚ್ಚು ಹಾಕಿದೆ. ‘ಹಿರಿಯೂರಿನ ಒಂಬತ್ತನೇ ನಂಬರಿನವನು ನುಗ್ಗುವ ಹೊಳೆಯಾದರೆ, ನಮ್ಮ ಓಂಕಾರಪ್ಪನವರು ಕೆರೆಯ ಏರಿ. ಪಂದ್ಯದ ಹಣೆಬರಹ ಈ ಮುಖಾಮುಖಿಯಲ್ಲಿದೆ!’ ಕೆಳಗೆ ಮೈದಾನದ ಚಿತ್ರ, ಅದರಲ್ಲಿ ಹನ್ನೊಂದು ಹೆಸರು. ತಾಳ್ಯದ ಬಸ್ ಸ್ಟ್ಯಾಂಡಿಗೂ ಒಂದು ಅಂಟಿಸಿ ಬಂದೆ. ಭಾವ ಓದುತ್ತಾರೆ, ಕರಗುತ್ತಾರೆ, ಇದು ನನ್ನ ಲೆಕ್ಕ.

ಭಾವ ಓದಿದರು. ಮಧ್ಯಾಹ್ನಕ್ಕೆ ಪೋಸ್ಟರ್ ಸಮೇತ ಪ್ರೆಸ್ಸಿಗೆ ಬಂದರು.

“ಏನಪ್ಪಾ ತಿಪ್ಪೇಸಾಮಿ, ಏನಿದು?”

“ಬರ್ರಿ ಭಾವ, ಕುಂತ್ಕಳ್ರಿ. ನಿಮ್ಮನ್ನ ಹೊಗಳಿ ಬರ್ದೀನಿ.”

“ಹೊಗಳಿದ್ದು ಅತ್ಲಾಗಿರ್ಲಿ. ನನ್ನ ಹೆಸ್ರು ಎಲ್ಲೈತೆ ನೋಡು!”

ನೋಡಿದೆ. ಮುನ್ನುಗ್ಗುವವರು ಮೇಲೆ, ಗೋಲ್‌ಕೀಪರ್ ಕೆಳಗೆ. ಮತ್ತೆ ಕಟ್ಟಕಡೆಯ ಸಾಲು!

“ಭಾವ, ಅದು ಗೋಲ್‌ಕೀಪರ್ ಜಾಗ. ಹಿಂದೇನೇ ನಿಂದ್ರಬೇಕು. ಚೆಂಡನ್ನ ಕೈಯಾಗೆ ಮುಟ್ಟೋ ಅಧಿಕಾರ ನಿಮಗೊಬ್ರಿಗೇ ಇರೋದು!”

“ಮನೇಗೆ ಕಿರಿಯ ನಮ್ಮ ಮಂಜ ಮುಂದೆ, ಹಿರಿಯ ನಾನು ಹಿಂದೆ ಬಾಗ್ಲು ಕಾಯ್ಬೇಕಾ? ಮರ್ಯಾದಿ ಇಲ್ಲದ ಅಧಿಕಾರ ಯಾರಿಗೆ ಬೇಕು?”

ಟವೆಲ್ ಕೊಡವಿ ಹೊರಟೇಬಿಟ್ಟರು. ಮನೆಗೆ ಹೋಗುವಷ್ಟರಲ್ಲಿ ಸುದ್ದಿ ನನಗಿಂತ ಮುಂಚೆ ತಲುಪಿತ್ತು.

“ಕಾರ್ಡಿನಾಗೂ ಕೊನೇಗೆ, ಆಟದಾಗೂ ಕೊನೇಗೆ. ನಮ್ಮಣ್ಣ ಏನ್ ಪಾಪ ಮಾಡಿದ್ನ್ರಿ ನಿಮಗೆ?” ಎಂದಳು ಸರೋಜ.

“ಅದು ಆಟದ ನಿಯಮ ಕಣೇ.”

“ಈ ಸಲಾನೂ ಅಣ್ಣ ಪಂಚಮಿಗೆ ಬರ್ಲಿಲ್ಲ ಅಂದ್ರೆ, ಆ ನಿಯಮಾನೇ ಬೇಯಿಸ್ಕಂಡು ತಿನ್ರಿ!”

ಕಂಪ್ಯೂಟರಿನಲ್ಲಿ ಭಾವನನ್ನು ಮುಂದಿನ ಸಾಲಿಗೆ ತಂದೆ. ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸುದ್ದಿ ತಿಳಿದು ಸರೋಜಳ ಚಿಕ್ಕಪ್ಪ ಫೋನ್ ಮಾಡಿದರು: “ಓಂಕಾರಿಗಿಂತ ನಾನು ಹಿರೇನಲ್ಲೇನಪ್ಪ?” ಅವರನ್ನೂ ಮುಂದಕ್ಕೆ ತಂದೆ. ಸೋದರಮಾವ ಕೇಳಿದರು, ಅವರೂ ಮುಂದಕ್ಕೆ. ಸಂಜೆಯೊಳಗೆ ಹತ್ತು ಜನ ಮುಂದಿನ ಸಾಲಿನಲ್ಲಿದ್ದರು. ಗೋಲಿಗೆ ಉಳಿದವನು ಮಂಜ, ನನ್ನ ಗೋಲು ಹೊಡೆಯುವ ಹುಡುಗ! ‘ಖಚಿತವೇ?’ ಎಂದು ಕಂಪ್ಯೂಟರ್ ಕೇಳಿತು. ಹೌದು ಎಂದೆ. ಅದಕ್ಕೆ ನಂಬಿಕೆ ಬರಲಿಲ್ಲವೇನೋ, ಮತ್ತೊಮ್ಮೆ ಕೇಳಿತು. ಅದು ಫುಟ್‌ಬಾಲ್ ತಂಡವಾಗಿ ಉಳಿದಿರಲಿಲ್ಲ, ಮದುವೆ ಮನೆಯ ಗ್ರೂಪ್ ಫೋಟೋ ಆಗಿತ್ತು.

ಭಾನುವಾರ ಬೀಗರು ಬಿಜ್ಜರೆಲ್ಲ ಪ್ರೆಸ್ಸಿನಲ್ಲಿ ನೆರೆದರು. ಭಾವ ಮುಂದಿನ ಕುರ್ಚಿಯಲ್ಲಿ, ಮುಖ ಇನ್ನೂ ಬಿಗಿದೇ ಇತ್ತು. ಆಟ ಶುರುವಾಯಿತು. ಒಂಬತ್ತನೇ ನಂಬರಿನವನು ನಮ್ಮ ಖಾಲಿ ಮೈದಾನದಲ್ಲಿ ಕೈ ಬೀಸಿಕೊಂಡು ಬಂದ, ಹೊಡೆದ, ಹೋದ. ಮತ್ತೆ ಬಂದ. ಹಿರಿಯೂರಿನಿಂದ ಮೆಡಿಕಲ್ ಶಾಪಿನ ನಾಗರಾಜ ಫೋನ್ ಮಾಡಿದ: “ಏನ್ರಿ, ನಿಮ್ಮೋರೆಲ್ಲ ನಮ್ಮ ಗೋಲಿನ ಮುಂದೆ ಊಟದ ಪಂಕ್ತಿಗೆ ಕುಂತಾರೇನ್ರಿ?”

ಎಂಟು–ಸೊನ್ನೆ. ನಾನು ಕಾಗದದ ಬಂಡಲಿನ ಹಿಂದೆ ಅಡಗುವ ಯೋಚನೆಯಲ್ಲಿದ್ದೆ. ಆಗ, ಆಟ ಮುಗಿಯುವ ಹೊತ್ತಿಗೆ, ಯಾರೋ ಒದ್ದ ಚೆಂಡು ಓಂಕಾರಪ್ಪನ ಬೆನ್ನಿಗೆ ಬಡಿದು ಹಿರಿಯೂರಿನ ಗೋಲಿನೊಳಗೆ ಹೋಯಿತು! ಪರದೆಯ ತುಂಬಾ ಭಾವನ ಹೆಸರು, ಬುಡದಲ್ಲಲ್ಲ, ನಟ್ಟನಡುವೆ, ಅಂಗೈಯಗಲದ ಅಕ್ಷರದಲ್ಲಿ!

ಭಾವ ಎದ್ದು ನಿಂತರು. “ನೋಡಿದ್ರೇನ್ರೋ! ಹಿರೇರನ್ನ ಮುಂದೆ ಬಿಟ್ರೆ ಹೆಂಗೆ!” ಎಂದು ಮೀಸೆ ಮೇಲೆ ಕೈಯಾಡಿಸಿದರು. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟರು. “ಸೋತಿದ್ದಕ್ಕೆ ಬ್ಯಾಸ್ರ ಮಾಡ್ಕಬ್ಯಾಡ. ತಂಡ ನಡ್ಸೋದು ನಿನ್ನ ಕೈಲಾಗೋ ಕೆಲ್ಸ ಅಲ್ಲ. ಪಂಚಮಿಗೆ ಸರೋಜನ್ನ ಕರ್ಕಂಡು ಹೋಗಾಕೆ ಬರ್ತೀನಿ. ನೀನೂ ಹೊರಡು, ಎಲ್ಲಾ ಸೇರಿ ಹೋಗಾಣ.”

ಸರೋಜ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಂಟಲ್ಲ, ಎಂಬತ್ತು ಗೋಲು ತಿಂದಿದ್ದರೂ ನನಗೆ ಬೇಸರವಿರುತ್ತಿರಲಿಲ್ಲ.

ಪಂಚಮಿಯ ದಿನ ತಾಳ್ಯದಲ್ಲಿ, ಉಂಡೆ ತಿಂದ ಮೇಲೆ, ಭಾವನ ಅಧ್ಯಕ್ಷತೆಯಲ್ಲಿ ಸಭೆ ನಡೆಯಿತು. ಮುಂದಿನ ಲೀಗಿಗೆ ತಂಡವನ್ನು ಸರೋಜಳೇ ನಡೆಸಬೇಕೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ಅವಳು ಆಗಲೇ ಪೋಸ್ಟರ್ ಬರೆದಿಟ್ಟಿದ್ದಳು. ನನ್ನ ಹೆಸರೂ ಇದೆಯೆಂದು ಕೇಳಿ ಆಸೆಯಿಂದ ಹುಡುಕಿದೆ. ಮುಂದಿನ ಸಾಲಿನಲ್ಲಿ ಇರಲಿಲ್ಲ. ಮಧ್ಯದಲ್ಲೂ ಇಲ್ಲ. ಗೋಲಿನ ಹತ್ತಿರವೂ ಇಲ್ಲ. ಕಟ್ಟಕಡೆಗೆ, ಕಾಗದದ ಅಂಚಿನಲ್ಲಿ, ಇರುವೆಯಷ್ಟು ಅಕ್ಷರದಲ್ಲಿ ಸಿಕ್ಕಿತು: ‘ತಿಪ್ಪೇಸ್ವಾಮಿ, ಬದಲಿ ಗೋಲ್‌ಕೀಪರ್.’

ಮರುದಿನ ಅದನ್ನು ಅಚ್ಚು ಹಾಕಿದವನೂ ನಾನೇ!